ಗಿಟಾರ್ ಬಾಕ್ಸ್‌ನಲ್ಲಿ ಬೇಸ್ ಎಲ್ಲಿ ಹೋಗುತ್ತದೆ?

"ಬೇಸ್ ಸಾಲ್ತಿಲ್ಲ, ಇನ್ನೂ ದೊಡ್ಡ ಸ್ಪೀಕರ್ ಹಾಕಿಕೊಡಿ ಸಾರ್" ಎನ್ನುತ್ತಾ ಬರುವವರೇ ಜಾಸ್ತಿ. ನಾನು ಮೊದಲು ಗಿಟಾರಿನ ಸ್ಪೀಕರ್ ಕೂರಿಸಿದ ಮರದ ಬಾಕ್ಸ್ ತಿರುಗಿಸಿ ಅದರ ಬೆನ್ನು ನೋಡುತ್ತೇನೆ. ಹಿಂಬದಿ ತೆರೆದಿದ್ದರೆ ಕಾರಣ ಅಲ್ಲೇ ಸಿಕ್ಕಿತು. ಸ್ಪೀಕರಿನ ಕೋನ್, ಅಂದರೆ ಅಲ್ಲಾಡುವ ಕಾಗದದ ಬಟ್ಟಲು, ಮುಂದೆ ಗಾಳಿ ತಳ್ಳುವ ಹೊತ್ತಿಗೆ ಹಿಂದೆ ಗಾಳಿ ಎಳೆಯುತ್ತಿರುತ್ತದೆ. ಗಿಟಾರಿನ ದಪ್ಪ ತಂತಿಯ ಸ್ವರ 82 ಹರ್ಟ್ಸ್, ಅದರ ಅಲೆಯ ಉದ್ದ 4 ಮೀಟರಿಗೂ ಜಾಸ್ತಿ. ಅಂಥ ಅಲೆಗೆ ಒಂದಡಿ ಆಳದ ಬಾಕ್ಸ್ ಅಡ್ಡಿಯೇ ಅಲ್ಲ. ಹಿಂದಿನದು ಸುತ್ತಿ ಬಂದು ಮುಂದಿನದನ್ನು ತಿಂದು ಹಾಕುತ್ತದೆ.

ಹಾಗಾದರೆ ಹಿಂಬದಿ ಮುಚ್ಚಿದರಾಯ್ತು, ಅಲ್ವಾ? ಪೂರ್ತಿ ಹಾಗಲ್ಲ. ಒಳಗೆ ಸಿಕ್ಕ ಗಾಳಿ ಸ್ಪ್ರಿಂಗ್‌ನಂತೆ ಕೋನನ್ನು ಬಿಗಿ ಹಿಡಿಯುತ್ತದೆ. 75 ಹರ್ಟ್ಸ್‌ನಲ್ಲಿ ಅನುರಣಿಸುವ, ಅಂದರೆ ಅಲ್ಲಿ ಸಲೀಸಾಗಿ ಅಲ್ಲಾಡುವ, 12 ಇಂಚಿನ ಸ್ಪೀಕರಿನ ಆ ಮಟ್ಟ ಸಣ್ಣ ಬಾಕ್ಸಿನಲ್ಲಿ 100 ಹರ್ಟ್ಸ್ ದಾಟಿಬಿಡುತ್ತದೆ. ತಂತಿಗೆ ಅಂಗೈ ಒತ್ತಿ ನುಡಿಸಿದಾಗ ಎದೆಗೆ ಬಡಿಯುವ ಪೆಟ್ಟು ಬರುವುದು ಇಲ್ಲಿಂದಲೇ. ರಾಕ್, ಮೆಟಲ್ ನುಡಿಸುವವರಿಗೆ ಇದೇ ಸಾಕು. ಅದಕ್ಕಿಂತ ಆಳ ಬೇಕೆಂದರೆ ಬಾಕ್ಸ್ ದೊಡ್ಡದಾಗಬೇಕು, ಇಲ್ಲವೇ ಪೋರ್ಟ್, ಅಂದರೆ ಗಾಳಿ ಓಡಾಡಲು ಅಳತೆ ಮಾಡಿ ಬಿಟ್ಟ ದಾರಿ, ಕೊಡಬೇಕು.

ಪೋರ್ಟ್ ಎಂದರೆ ಸುಮ್ನೆ ಕೊರೆದ ತೂತಲ್ಲ. ಒಳಅಳತೆ 50×40×25 ಸೆಂ.ಮೀ. ಇದ್ದರೆ 50 ಲೀಟರ್. ಅದರ 18 ಮಿ.ಮೀ. ಪ್ಲೈವುಡ್‌ನಲ್ಲಿ 10 ಸೆಂ.ಮೀ. ಅಗಲದ ದುಂಡು ತೂತು ಕೊರೆದರೆ ಬಾಕ್ಸ್ ಹೆಚ್ಚುಕಡಿಮೆ 70 ಹರ್ಟ್ಸ್‌ಗೆ ಕೂರುತ್ತದೆ, ಅಂದರೆ ಒಳಗಿನ ಗಾಳಿ ಆ ಸ್ವರಕ್ಕೆ ಅನುರಣಿಸುತ್ತದೆ. ಅದೇ ತೂತಿಗೆ 10 ಸೆಂ.ಮೀ. ಉದ್ದದ ಪಿವಿಸಿ ಪೈಪ್ ಸೇರಿಸಿದರೆ 52ರ ಹತ್ತಿರ ಇಳಿಯುತ್ತದೆ. ಆಸೆಪಟ್ಟು ಇನ್ನೂ ಇಳಿಸಬೇಡಿ, ಗಿಟಾರಿಗೆ ಅಷ್ಟು ಆಳ ಬೇಡ. ಆದರೆ 7 ತಂತಿಯ ಗಿಟಾರ್ ನುಡಿಸುವವರು ಹುಷಾರಾಗಿರಬೇಕು. ಅವರ ಕೆಳಗಿನ ತಂತಿ 62 ಹರ್ಟ್ಸ್. 70ಕ್ಕೆ ಕೂತ ಬಾಕ್ಸಿನಲ್ಲಿ ಆ ಸ್ವರಕ್ಕೆ ಗಾಳಿಯ ಹಿಡಿತವೇ ಇರುವುದಿಲ್ಲ, ಕೋನ್ ಲಂಗುಲಗಾಮಿಲ್ಲದೆ ಅಲ್ಲಾಡುತ್ತದೆ. ಗಿಟಾರ್ ಸ್ಪೀಕರ್‌ಗಳಲ್ಲಿ ಕೋನನ್ನು ಅಲ್ಲಾಡಿಸುವ ತಂತಿಯ ಸುರುಳಿಗೆ (ಕಾಯಿಲ್) ಓಡಾಡಲು ಜಾಗ ಬಹಳ ಕಮ್ಮಿ, ಬೇಗ ಹಾಳಾಗುತ್ತವೆ.

ಎಷ್ಟು ಲೆಕ್ಕ ಹಾಕಿದರೂ ಗಾಳಿ ಸೋರಿದರೆ ದುಡ್ಡು ದಂಡ. ಮುಚ್ಚಿದ ಬಾಕ್ಸಿನ ಕೋನನ್ನು ಎರಡೂ ಕೈಯ ಬೆರಳು ಹರಡಿ, ಸಮನಾಗಿ, ಮೆಲ್ಲಗೆ ಒತ್ತಿ ಬಿಡಿ. ನಿಧಾನಕ್ಕೆ ವಾಪಸ್ ಬಂದರೆ ಕೆಲಸ ಚೆನ್ನಾಗಿದೆ. ಫಟ್ಟನೆ ಬಂದರೆ ಎಲ್ಲೋ ಸೋರುತ್ತಿದೆ. ಹೆಚ್ಚಿನ ಸಲ ಕಳ್ಳ ಸಿಗುವುದು ವೈರ್ ಸಿಕ್ಕಿಸುವ ಜ್ಯಾಕ್ ಪ್ಲೇಟ್ ಸುತ್ತ. ಫೋಮ್ ಪಟ್ಟಿ ಅಂಟಿಸಿ ಸ್ಕ್ರೂ ಬಿಗಿಮಾಡಿ. ಹಿಂಬದಿಯ ಹಲಗೆಗೂ ಮುಂದಿನದಕ್ಕೂ ನಡುವೆ ಒಂದು ಮರದ ತುಂಡು ಆಸರೆಯಾಗಿ ಕೊಡಿ. ಆಗ ಹಲಗೆ ತಾನೇ ನಡುಗಿ ಶಕ್ತಿ ವ್ಯರ್ಥ ಮಾಡುವುದಿಲ್ಲ.

ಇಷ್ಟೆಲ್ಲ ಮಾಡುವ ಮೊದಲು, ಬಾಕ್ಸ್ ಈಗ ಸ್ಟೂಲ್ ಮೇಲಿದ್ದರೆ ಕೆಳಗಿಳಿಸಿ, ನೆಲದ ಮೇಲೆ ಗೋಡೆ ಪಕ್ಕ ಇಟ್ಟು ಒಂದು ಸಲ ನುಡಿಸಿ. ಬೇಸ್ ಅಲ್ಲೇ ಜಾಸ್ತಿಯಾದರೆ ಪ್ಲೈವುಡ್ ಖರ್ಚು ಉಳಿಯಿತು.