ಯಾರೂ ಕೇಳಲಿಲ್ಲವಲ್ಲ, ಅದಕ್ಕೆ ಸುಮ್ಮನಿದ್ದೆ

ನಮ್ಮಮ್ಮ ಹದಿನೈದು ವರ್ಷ ಒಂದು ಸ್ವಸಹಾಯ ಸಂಘದಲ್ಲಿದ್ದರು. ಹದಿನಾಲ್ಕು ಜನ ಹೆಂಗಸರ ಸಂಘ. ವಾರಕ್ಕೊಂದು ಸಂಜೆ ಅಂಗನವಾಡಿಯ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಕೂರುತ್ತಿದ್ದರು. ಮೊದಲು ಹಾಜರಿ, ಆಮೇಲೆ ಉಳಿತಾಯ, ಸಾಲದ ಕಂತು, ಕೊನೆಗೆ ಮಾತುಕತೆ. ನಾನು ಅಲ್ಲೇ ಒಂದು ಮೂಲೆಯಲ್ಲಿ ಹೋಮ್‌ವರ್ಕ್ ಮಾಡುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ.

ಒಂದು ವರ್ಷ ಸಂಘದವರು ಬ್ಯಾಂಕ್ ಸಾಲ ತೆಗೆದು ದೊಡ್ಡ ಪಾತ್ರೆ, ಶಾಮಿಯಾನ ಕೊಂಡರು. ಮದುವೆ, ನಾಮಕರಣಕ್ಕೆ ಬಾಡಿಗೆ ಕೊಡುವ ಯೋಚನೆ. ಎಲ್ಲರೂ ಕೈ ಎತ್ತಿ ಒಪ್ಪಿದ್ದರು. ಆದರೆ ಬಾಡಿಗೆಗೆ ಜನ ಬರಲೇ ಇಲ್ಲ. ಅಷ್ಟರಲ್ಲಿ ಪಕ್ಕದ ಊರಿನಲ್ಲಿ ಸಮುದಾಯ ಭವನ ಎದ್ದಿತ್ತು, ಪಾತ್ರೆಯೂ ಅಲ್ಲೇ ಸಿಗುತ್ತಿತ್ತು. ಆ ಊರು ನಮ್ಮ ಸಂಘದ ಒಬ್ಬರ ತವರು. ಭವನದ ಸುದ್ದಿ ಅವರಿಗೆ ಮೊದಲೇ ಗೊತ್ತಿತ್ತು. "ಒಂದು ಮಾತು ಹೇಳಬಾರದಿತ್ತಾ?" ಎಂದು ಅಮ್ಮ ಕೇಳಿದಾಗ ಅವರು, "ಯಾರೂ ಕೇಳಲಿಲ್ಲವಲ್ಲ ಅಕ್ಕಾ, ಅದಕ್ಕೆ ಸುಮ್ಮನಿದ್ದೆ" ಅಂದರು.

ಗುಂಪುಗಳ ಮನಶ್ಶಾಸ್ತ್ರದ ಬಗ್ಗೆ ಏನೇ ಓದಿದರೂ ನನಗೆ ಮತ್ತೆ ಮತ್ತೆ ಈ ಮಾತೇ ನೆನಪಾಗುತ್ತದೆ. ಹದಿನಾಲ್ಕು ಜನರಿದ್ದ ಜಗಲಿಯಲ್ಲಿ ಬೇಕಾದ ತಿಳಿವಳಿಕೆ ಇತ್ತು. ಆದರೂ ಅದು ಚಾಪೆಯ ಮೇಲಕ್ಕೆ ಬರಲಿಲ್ಲ. ಯಾಕೆ?

ಮೊದಲು ಸ್ವಲ್ಪ ಹಗ್ಗಜಗ್ಗಾಟದ ಕಡೆ ಹೋಗಿಬರೋಣ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ 1880ರ ದಶಕದಲ್ಲಿ ವಿದ್ಯಾರ್ಥಿಗಳ ಕೈಯಲ್ಲಿ ಹಗ್ಗ ಎಳೆಸಿ, ಬಲ ಅಳೆಯುವ ಸಾಧನದಿಂದ ಅಳೆದು ನೋಡಿದ. ಆ ಲೆಕ್ಕಗಳು ಅಚ್ಚಾಗಿದ್ದು 1913ರಲ್ಲಿ. ಜನ ಜಾಸ್ತಿಯಾದಂತೆ ಒಟ್ಟು ಬಲವೇನೋ ಹೆಚ್ಚಿತು, ಆದರೆ ಒಬ್ಬೊಬ್ಬರ ಪಾಲು ಇಳಿಯುತ್ತಾ ಹೋಯಿತು. ಎಂಟು ಜನ ಸೇರಿ ಕೆಲಸ ಮಾಡಿದರೆ ಒಬ್ಬೊಬ್ಬರಿಂದ ಬರುವುದು, ಅವರು ಒಬ್ಬರೇ ಮಾಡಿದಾಗ ಬರುವುದರ ಹತ್ತಿರ ಹತ್ತಿರ ಅರ್ಧ ಎಂದು ಅವನ ಪಟ್ಟಿ ಹೇಳುತ್ತದೆ. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯುವುದು ಕಷ್ಟ, ಅದಕ್ಕೇ ಹೀಗೆ ಎಂದು ಅವನು ಅಂದುಕೊಂಡಿದ್ದ.

ಅದೊಂದೇ ಕಾರಣವಲ್ಲ ಎಂದು ತೋರಿಸಿದ್ದು 1974ರ ಒಂದು ಪ್ರಯೋಗ. ಅಮೆರಿಕದ ಆಲನ್ ಇಂಗಮ್ ಮತ್ತು ಸಂಗಡಿಗರು ಒಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ ಹಗ್ಗದ ಮುಂದೆ ನಿಲ್ಲಿಸಿದರು. ಹಿಂದೆ ನಿಂತವರು ಎಳೆಯುವಂತೆ ನಟಿಸಿದರು, ಅಷ್ಟೇ. ಅವನು ಎಳೆಯುತ್ತಿದ್ದುದು ಒಬ್ಬನೇ. ಆದರೂ ಹಿಂದೆ ಜನ ಇದ್ದಾರೆ ಎಂದು ನಂಬಿದ್ದಕ್ಕೇ ಅವನ ಬಲ ಕಡಿಮೆಯಾಯಿತು. 1979ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬಿಬ್ ಲಟಾನೆ ಮತ್ತು ಜೊತೆಗಾರರು ಚಪ್ಪಾಳೆ ತಟ್ಟುವುದು, ಕೂಗುವುದು ಇಂಥ ಕೆಲಸ ಕೊಟ್ಟು ನೋಡಿದರು. ಅಲ್ಲೂ ಹೀಗೇ ಆಯಿತು. ಇದನ್ನು ಮೈಗಳ್ಳತನ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಯಾಕೆಂದರೆ, ಇದೇ ತಂಡ 1981ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ನಿಮ್ಮ ನಿಮ್ಮ ದನಿಯನ್ನು ಬೇರೆ ಬೇರೆಯಾಗಿ ಅಳೆಯುತ್ತೇವೆ ಎಂದು ಹೇಳಿದಾಗ ಜನ ಪೂರ್ತಿ ಶಕ್ತಿ ಹಾಕಿ ಕೂಗಿದರು. ತನ್ನ ಪಾಲು ಕಾಣುತ್ತದೆ ಎಂದು ಗೊತ್ತಾದರೆ ಸಾಕು, ಮನುಷ್ಯ ಬದಲಾಗುತ್ತಾನೆ.

ಸಂಘದ ಹೆಂಗಸರು ಈ ಪ್ರಯೋಗಗಳ ಬಗ್ಗೆ ಕೇಳಿರಲಿಲ್ಲ. ಆದರೆ ಪ್ರತಿ ವಾರ ಒಬ್ಬೊಬ್ಬರ ಹೆಸರು ಕೂಗಿ, ದುಡ್ಡನ್ನು ಎಲ್ಲರ ಮುಂದೆ ಎಣಿಸಿ, ಪಾಸ್‌ಬುಕ್ಕಿಗೆ ಬರೆದು, ಮೊತ್ತವನ್ನು ಗಟ್ಟಿಯಾಗಿ ಓದುತ್ತಿದ್ದರು. ಹತ್ತು ರೂಪಾಯಿ ಇರಲಿ, ಐವತ್ತಿರಲಿ, ಯಾರ ಪಾಲೂ ರಾಶಿಯಲ್ಲಿ ಮುಳುಗಿಹೋಗುತ್ತಿರಲಿಲ್ಲ.

ಈ ಸಂಘಗಳು ಚಿಕ್ಕದಾಗಿದ್ದುದರ ಹಿಂದೆ ನಮ್ಮ ರಾಜ್ಯದ್ದೇ ಒಂದು ಕಥೆ ಇದೆ. 1968ರಲ್ಲಿ ಟಿಬೆಟ್ ನಿರಾಶ್ರಿತರಿಗೆ ನೆಲೆ ಕಲ್ಪಿಸಲು ಹುಟ್ಟಿದ ಮೈರಾಡ ಎಂಬ ಸಂಸ್ಥೆ ಮುಂದೆ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳನ್ನು ಬೆಳೆಸಿತ್ತು. 1984-85ರ ಹೊತ್ತಿಗೆ ಅವುಗಳಲ್ಲಿ ಕೆಲವು ಒಡೆಯತೊಡಗಿದವು. ಮುಖಂಡರ ಮೇಲೆ ಜನರಿಗೆ ನಂಬಿಕೆ ಉಳಿದಿರಲಿಲ್ಲ. ಆಗ ಜನ ತಾವಾಗಿಯೇ ಸಣ್ಣ ಸಣ್ಣ ಗುಂಪುಗಳಾಗಿ ಸೇರಿದರು. ಒಬ್ಬರನ್ನೊಬ್ಬರು ಬಲ್ಲವರು, ಒಬ್ಬರನ್ನೊಬ್ಬರು ನಂಬುವವರು ಒಟ್ಟಿಗೆ ಕೂತರು. ಸಾಲವನ್ನು ದೊಡ್ಡ ಸಂಘಕ್ಕೆ ಬೇಡ, ಈ ಗುಂಪಿಗೇ ತೀರಿಸುತ್ತೇವೆ ಅಂದರು. ಮೈರಾಡದವರು ಅದಕ್ಕೆ ಒಪ್ಪಿದರು. ನನ್ನ ಪ್ರಕಾರ ಅವತ್ತು ಅವರು ಮಾಡಿದ ಅತಿ ದೊಡ್ಡ ಕೆಲಸ ಅದೇ. 1992ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ 500 ಸಂಘಗಳಿಗೆ ಬ್ಯಾಂಕ್ ಸಾಲ ಕೊಡಿಸುವ ಪ್ರಯೋಗ ಶುರು ಮಾಡಿತು. 2000-01ರಲ್ಲಿ ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು.

ಒಂದು ಸಂಘದಲ್ಲಿ 10ರಿಂದ 20 ಜನ ಇರಬೇಕು ಎಂಬುದು ವಾಡಿಕೆ. 20ರ ಮಿತಿಗೆ ಕಾನೂನಿನ ಕಾರಣವಿತ್ತು. ಅದಕ್ಕಿಂತ ಹೆಚ್ಚು ಜನ ಸೇರಿ ಲಾಭದ ವ್ಯವಹಾರ ಮಾಡಬೇಕಾದರೆ ನೋಂದಣಿ ಆಗಬೇಕು ಎಂದು 1956ರ ಕಂಪನಿ ಕಾಯ್ದೆ ಹೇಳುತ್ತಿತ್ತು. ಆದರೆ ಲೆಕ್ಕ ಹಾಕಿದರೆ ಇನ್ನೊಂದು ಕಾರಣವೂ ಕಾಣುತ್ತದೆ. ಐದು ಜನರ ನಡುವೆ 10 ಜೋಡಿ ಸಂಬಂಧಗಳಿರುತ್ತವೆ. ಹತ್ತು ಜನರಾದರೆ 45, ಇಪ್ಪತ್ತಾದರೆ 190. ಜನ ಎರಡು ಪಟ್ಟಾದರೆ ಸಂಬಂಧಗಳು ನಾಲ್ಕು ಪಟ್ಟಿಗೂ ಮೀರುತ್ತವೆ. ಯಾರಿಗೆ ಯಾರ ಮೇಲೆ ಮುನಿಸು, ಯಾರ ಮನೆಯಲ್ಲಿ ಏನು ಕಷ್ಟ ಎಂದು ಎಲ್ಲರಿಗೂ ತಿಳಿದಿರಬೇಕಾದರೆ ಗುಂಪು ಚಿಕ್ಕದಾಗಿಯೇ ಇರಬೇಕು, ಅಲ್ವಾ?

ಅಷ್ಟಿದ್ದೂ ನಮ್ಮೂರ ಜಗಲಿಯಲ್ಲಿ ಆ ತವರಿನ ಸುದ್ದಿ ಹೊರಗೆ ಬರಲಿಲ್ಲ. ಇದಕ್ಕೆ ಉತ್ತರ ಸಿಗುವುದು 1985ರ ಒಂದು ಅಧ್ಯಯನದಲ್ಲಿ. ಗ್ಯಾರಾಲ್ಡ್ ಸ್ಟ್ಯಾಸರ್ ಮತ್ತು ವಿಲಿಯಂ ಟೈಟಸ್ ಎಂಬ ಅಮೆರಿಕದ ಸಂಶೋಧಕರು ನಾಲ್ಕು ನಾಲ್ಕು ಜನರ ಗುಂಪು ಮಾಡಿ, ವಿದ್ಯಾರ್ಥಿ ಸಂಘದ ಅಧ್ಯಕ್ಷ ಸ್ಥಾನಕ್ಕೆ ಮೂವರಲ್ಲಿ ಒಬ್ಬರನ್ನು ಆರಿಸಲು ಹೇಳಿದರು. ಎಲ್ಲ ವಿವರ ಎಲ್ಲರಿಗೂ ಕೊಟ್ಟಾಗ ಹೆಚ್ಚಿನ ಗುಂಪುಗಳು ಒಳ್ಳೆಯ ಅಭ್ಯರ್ಥಿಯನ್ನೇ ಆರಿಸಿದವು. ಆಮೇಲೆ ಅದೇ ವಿವರಗಳನ್ನು ಹಂಚಿಬಿಟ್ಟರು. ಒಳ್ಳೆಯ ಅಭ್ಯರ್ಥಿಯ ಗುಣಗಳಲ್ಲಿ ಕೆಲವು ಒಬ್ಬರಿಗೆ, ಕೆಲವು ಇನ್ನೊಬ್ಬರಿಗೆ. ನಾಲ್ವರೂ ಬಾಯಿ ಬಿಟ್ಟು ಹೇಳಿದ್ದರೆ ಚಿತ್ರ ಪೂರ್ತಿಯಾಗುತ್ತಿತ್ತು. ಆದರೆ ಹೆಚ್ಚಿನ ಗುಂಪುಗಳು ಎಲ್ಲರಿಗೂ ಮೊದಲೇ ಗೊತ್ತಿದ್ದ ವಿಷಯಗಳಿಗೇ ಅಂಟಿಕೊಂಡು ತಪ್ಪು ವ್ಯಕ್ತಿಯನ್ನು ಆರಿಸಿದವು.

ಎಲ್ಲರಿಗೂ ಗೊತ್ತಿರುವುದನ್ನು ಹೇಳಿದರೆ ನಾಲ್ಕು ತಲೆ ಅಲ್ಲಾಡುತ್ತವೆ, ಹೇಳಿದವರಿಗೂ ಖುಷಿ. ನನಗೊಬ್ಬಳಿಗೇ ಗೊತ್ತಿರುವುದನ್ನು ಹೇಳಿದರೆ ಎಲ್ಲರೂ ತಿರುಗಿ ನೋಡುತ್ತಾರೆ. ಅದೂ ಹೊಸದಾಗಿ ಬಂದ ಸೊಸೆಯಾದರೆ, ಮುಂದೆ ಅತ್ತೆಯ ವಯಸ್ಸಿನವರು ಕೂತಿದ್ದರೆ, ಅವರು ಆಗಲೇ "ಪಾತ್ರೆ ಕೊಳ್ಳೋಣ" ಅಂದುಬಿಟ್ಟಿದ್ದರೆ?

ಎದುರು ಮಾತಾಡುವುದು ಎಷ್ಟು ಕಷ್ಟ ಎಂದು ಮನಶ್ಶಾಸ್ತ್ರಜ್ಞ ಸಾಲಮನ್ ಆಶ್ 1950ರ ದಶಕದಲ್ಲೇ ತೋರಿಸಿದ್ದರು. ಗೆರೆಗಳ ಉದ್ದ ಹೋಲಿಸುವ ಸುಲಭದ ಕೆಲಸ. ಉಳಿದವರೆಲ್ಲ ಬೇಕೆಂದೇ ತಪ್ಪು ಹೇಳಿದಾಗ, ನಿಜವಾಗಿ ಪರೀಕ್ಷೆಗೆ ಕೂತವರ ಉತ್ತರಗಳಲ್ಲಿ ಮೂರರಲ್ಲೊಂದು ಪಾಲು ಗುಂಪಿನ ತಪ್ಪನ್ನೇ ಹಿಂಬಾಲಿಸಿತು. ಆದರೆ ಗುಂಪಿನಲ್ಲಿ ಒಬ್ಬರು, ಬರೀ ಒಬ್ಬರು, ಸರಿ ಉತ್ತರ ಹೇಳಿದರೂ ಸಾಕಿತ್ತು. ಆ ತಪ್ಪುಗಳು ತುಂಬಾ ಕಡಿಮೆಯಾದವು. ಈ ಎರಡನೆಯ ಭಾಗ ನನಗೆ ಬಹಳ ಮುಖ್ಯ ಅನಿಸುತ್ತದೆ. ಜನರಿಗೆ ಧೈರ್ಯ ಇರಲಿಲ್ಲ ಎಂದಲ್ಲ, ಜೊತೆ ಇರಲಿಲ್ಲ.

1990ರ ದಶಕದಲ್ಲಿ ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ ಆಸ್ಪತ್ರೆಗಳ ವಾರ್ಡ್‌ಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಚೆನ್ನಾಗಿ ಹೊಂದಿಕೊಂಡು ಕೆಲಸ ಮಾಡುವ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕಲ್ಲ? ಲೆಕ್ಕ ನೋಡಿದರೆ ಜಾಸ್ತಿ ಇತ್ತು! ಕೆದಕಿದಾಗ ಕಾರಣ ಸಿಕ್ಕಿತು. ಒಳ್ಳೆಯ ತಂಡದವರು ತಪ್ಪಾದಾಗ ಹೇಳಿಕೊಳ್ಳುತ್ತಿದ್ದರು. ಹಿರಿಯ ನರ್ಸಿನ ಬೈಗುಳಕ್ಕೆ ಹೆದರುವ ತಂಡಗಳಲ್ಲಿ ತಪ್ಪುಗಳು ಮುಚ್ಚಿಹೋಗುತ್ತಿದ್ದವು. ಹಾಗಾಗಿ ಗುಂಪಿನ ಮುಂದಾಳು ಎಷ್ಟು ಚೆನ್ನಾಗಿ ಮಾತಾಡುತ್ತಾರೆ ಎಂದು ನಾನು ಈಗ ನೋಡುವುದಿಲ್ಲ. ಕೆಟ್ಟ ಸುದ್ದಿ ತಂದವರ ಕಡೆ ಅವರು ಹೇಗೆ ನೋಡುತ್ತಾರೆ ಎಂದು ಗಮನಿಸುತ್ತೇನೆ.

ಪಾತ್ರೆಯ ನಷ್ಟ ಆದ ಮೇಲೆ ಅಮ್ಮನ ಸಂಘದಲ್ಲಿ ಹೊಸ ಪ್ರತಿನಿಧಿಗಳನ್ನು ಆರಿಸಿದರು. ಅವರಲ್ಲೊಬ್ಬರು ಹೂವು ಕಟ್ಟಿ ಮಾರುತ್ತಿದ್ದವರು, ಓದಿದ್ದು ನಾಲ್ಕನೇ ಕ್ಲಾಸು. ಅವರು ಭಾಷಣ ಮಾಡಲಿಲ್ಲ. ಕ್ರಮ ಬದಲಾಯಿಸಿದರು, ಅಷ್ಟೇ. ಯಾವ ವಿಷಯ ಬಂದರೂ ಮೊದಲು ಚಾಪೆಯ ಆ ತುದಿಯಲ್ಲಿ ಕೂತ ಚಿಕ್ಕವರನ್ನು ಕೇಳುವುದು, ತಮ್ಮ ಅಭಿಪ್ರಾಯವನ್ನು ಕೊನೆಗೆ ಹೇಳುವುದು. "ನಿಂಗೇನು ಅನ್ಸುತ್ತೆ?" ಎಂದು ಕೇಳಿದರೆ "ಎಲ್ಲರಿಗೂ ಅನ್ಸಿದ್ದೇ ನಂಗೂ" ಎಂಬ ಉತ್ತರ ಬರುತ್ತಿತ್ತು. ಅದಕ್ಕೆ ಪ್ರಶ್ನೆಯನ್ನೂ ಬದಲಾಯಿಸಿದರು. "ನಮಗ್ಯಾರಿಗೂ ಗೊತ್ತಿಲ್ಲದ್ದು ನಿಂಗೇನಾದ್ರೂ ಗೊತ್ತಾ?" ಎಂದು ಕೇಳತೊಡಗಿದರು. ದೊಡ್ಡ ಸಾಲದ ಮಾತಾದರೆ ಅವತ್ತೇ ತೀರ್ಮಾನ ಇಲ್ಲ, ಒಂದು ವಾರ ಬಿಟ್ಟು.

ಆ ಹೊಸ ಕ್ರಮದ ಒಂದು ಸಂಜೆ ನನಗೆ ಚೆನ್ನಾಗಿ ನೆನಪಿದೆ. ಒಬ್ಬರು ಮೂರು ಕಂತು ಕಟ್ಟಿರಲಿಲ್ಲ, ಅವತ್ತು ಬಂದೂ ಇರಲಿಲ್ಲ. ದಂಡ ಹಾಕಬೇಕು ಎಂದು ಹಿರಿಯರಿಬ್ಬರು ಶುರು ಮಾಡಿದರು. ಹೂವಿನವರು ಕೈ ತೋರಿಸಿ ತಡೆದು, ತುದಿಯಲ್ಲಿದ್ದ ಹುಡುಗಿಯ ಕಡೆ ತಿರುಗಿದರು. ಆಕೆ ಸಂಘಕ್ಕೆ ಸೇರಿ ಆರು ತಿಂಗಳಾಗಿತ್ತು. ಸೆರಗಿನ ಅಂಚು ಸುರುಳಿ ಸುತ್ತುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಯಾರೂ ಮಾತಾಡಲಿಲ್ಲ, ಕಾದರು. "ಅವರ ಯಜಮಾನರು ಆಸ್ಪತ್ರೇಲಿದ್ದಾರೆ. ಯಾರಿಗೂ ಹೇಳ್ಬೇಡ ಅಂದಿದ್ರು. ಅರ್ಧ ಕಂತು ಅಂದ್ರೆ ಕಟ್ತಾರೆ" ಅಂದಳು. ಹಿರಿಯರಲ್ಲೊಬ್ಬರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅಮ್ಮ, "ಹೌದು, ನಂಗೂ ಅದೇ ಸರಿ ಅನ್ಸುತ್ತೆ" ಅಂದು, ನಡಾವಳಿ ಪುಸ್ತಕ ತನ್ನ ಕಡೆಗೆ ಎಳೆದುಕೊಂಡರು.