ನಿಂಬೆರಸ ಹಚ್ಚಿದರೆ ಮುಖದ ಕಲೆ ಹೋಗುತ್ತಾ?

ಪ್ರಶ್ನೆ: ನಿಂಬೆರಸಕ್ಕೆ ಜೇನು ಬೆರೆಸಿ ದಿನಾ ಹಚ್ಚಿದರೆ ಮುಖದ ಕಪ್ಪು ಕಲೆ ಹೋಗುತ್ತಂತೆ, ನಿಜಾನಾ?

ಇಲ್ಲ, ಹೋಗುವುದಿಲ್ಲ. ಇಲ್ಲಿ ಮುಂಬೈಯ ಮಾಟುಂಗಾ ಮಾರ್ಕೆಟ್‌ನಲ್ಲಿ ಸೊಪ್ಪು ಆರಿಸುವಾಗ ಇದನ್ನೇ ಕೇಳಿದವರಿದ್ದಾರೆ. ಡೊಂಬಿವಲಿ ಫಾಸ್ಟ್ ಲೋಕಲ್‌ನ ಲೇಡೀಸ್ ಡಬ್ಬದಲ್ಲಿ ಆ ನೂಕುನುಗ್ಗಲಿನ ನಡುವೆ ಕೇಳಿದವರೂ ಇದ್ದಾರೆ. 30 ವರ್ಷ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು ನಾನು. ನನ್ನ ಹಳೇ ವಿದ್ಯಾರ್ಥಿನಿಯರೇ ಕೇಳಿದಾಗ ಮಾತ್ರ ಸ್ವಲ್ಪ ಬೇಜಾರಾಗುತ್ತದೆ.

ಕಡ್ಲೆಹಿಟ್ಟಿನ ಮೇಲೆ ನನ್ನ ತಕರಾರಿಲ್ಲ. ಮುಲ್ತಾನಿ ಮಿಟ್ಟಿ ಜಿಡ್ಡು ಹೀರುತ್ತದೆ, ಚರ್ಮ ಒಣಗಿದವರಿಗೆ ಬೇಡ. ದೀಪಾವಳಿಗೆ ಉಟಣೆ ಅನ್ನುವ ಪರಿಮಳದ ಸ್ನಾನದ ಪುಡಿ ಹಚ್ಚಿಕೊಂಡು ಸ್ನಾನ ಮಾಡಿ, ಚೆನ್ನಾಗಿರುತ್ತದೆ. ನಿಂಬೆ ಮಾತ್ರ ಬೇಡ.

‘ಅದರಲ್ಲಿ ವಿಟಮಿನ್ ಸಿ ಇದೆಯಲ್ಲ ಟೀಚರ್’ ಅನ್ನುತ್ತಾರೆ. ಇದೆ. 100 ಗ್ರಾಂ ರಸದಲ್ಲಿ ಹೆಚ್ಚೆಂದರೆ 50 ಮಿಲಿಗ್ರಾಂನಷ್ಟು. ಅಂಗಡಿಯಲ್ಲಿ ಸಿಗುವ, ಮುಖಕ್ಕೆ ಹಚ್ಚುವ ಶೇ. 10ರ ವಿಟಮಿನ್ ಸಿ ಸೀರಮ್‌ನ 100 ಮಿಲಿಯಲ್ಲಿ 10 ಗ್ರಾಂ ಇರುತ್ತದೆ. ಅಂದರೆ 200 ಪಟ್ಟು ಜಾಸ್ತಿ. ಲೆಕ್ಕ ನೀವೇ ಹಾಕಿ ನೋಡಿ. ನಿಂಬೆಯಲ್ಲಿ ತುಂಬಿರುವುದು ಸಿಟ್ರಿಕ್ ಆಮ್ಲ. ಅಡುಗೆಮನೆಯ ಮಾರ್ಬಲ್ ಮೇಲೆ ಒಂದು ಹನಿ ಬಿದ್ದು ಹಾಗೇ ಉಳಿದರೆ ಹೊಳಪು ಹೋಗಿ ಮಂಕಾದ ಗುರುತು ಬೀಳುತ್ತದೆ, ನೋಡಿರುತ್ತೀರಿ. ನಮ್ಮ ಚರ್ಮದ ಪಿಎಚ್, ಅಂದರೆ ಹುಳಿಯ ಅಳತೆ, ಸುಮಾರು 5, ನಿಂಬೆಯದು 2ರ ಆಸುಪಾಸು. ಪಿಎಚ್‌ನಲ್ಲಿ ಒಂದು ಮೆಟ್ಟಿಲು ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ. ಮೂರು ಮೆಟ್ಟಿಲಿಗೆ ಸಾವಿರ ಪಟ್ಟು. ಮೊಸರು ನಾಲ್ಕೂವರೆಯ ಹತ್ತಿರ, ಹಾಗಾಗಿ ಅದು ಉರಿಯುವುದಿಲ್ಲ. ಉರಿಯಿತು ಅಂದರೆ ಕೆಲಸ ಮಾಡುತ್ತಿದೆ ಅಂತ ಅರ್ಥವಲ್ಲ, ಚರ್ಮಕ್ಕೆ ನೋವಾಗುತ್ತಿದೆ ಅಂತ. ಕಂದು ಚರ್ಮಕ್ಕೆ ಪೆಟ್ಟಾದರೆ ಅಲ್ಲಿ ಬಣ್ಣ ಇನ್ನೂ ಗಾಢವಾಗುತ್ತದೆ.

ಇನ್ನೊಂದು ಅಪಾಯ ಬಿಸಿಲಿನದು. ನಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಫ್ಯುರಾನೊಕೂಮರಿನ್ ಅನ್ನುವ ವಸ್ತುಗಳಿವೆ. ಚರ್ಮದ ಮೇಲೆ ಇವು ಇದ್ದಾಗ ಬಿಸಿಲಿನಲ್ಲಿರುವ ಯುವಿ-ಎ ಅನ್ನುವ ಅತಿನೇರಳೆ ಕಿರಣ ಬಿದ್ದರೆ ಚರ್ಮ ಸುಡುತ್ತದೆ. ನಮ್ಮ ಬಿಲ್ಡಿಂಗ್‌ನವರು ಒಮ್ಮೆ ಮೇ ತಿಂಗಳಲ್ಲಿ ಅಲಿಬಾಗ್‌ಗೆ ಪಿಕ್ನಿಕ್ ಹೋಗಿದ್ದರು. ಮೂರನೇ ಮಹಡಿಯ ಹುಡುಗಿ ಬಿಸಿಲಲ್ಲೇ ಕೂತು ಎಲ್ಲರಿಗೂ ಶರಬತ್ತಿಗೆ ನಿಂಬೆ ಹಿಂಡಿದ್ದಳು. ಮಾರನೇ ದಿನ ಏನೂ ಇಲ್ಲ. ಮೂರನೇ ದಿನ ಕೈ ಕೆಂಪಾಗಿ ಗುಳ್ಳೆ ಬಂತು. ವಾರದಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ರಸ ಇಳಿದ ದಾರಿಯಲ್ಲೇ ಕಂದು ಗೆರೆಗಳು. ಅದೇ ಕೈಯಲ್ಲಿ ತಮ್ಮನನ್ನೂ ಎತ್ತಿಕೊಂಡಿದ್ದಳು, ಅವನ ಬೆನ್ನ ಮೇಲೆ ಅವಳ ನಾಲ್ಕು ಬೆರಳಿನ ಅಚ್ಚು. ಯಾರೋ ಹೊಡೆದಿದ್ದಾರೆ ಅಂತ ಅಜ್ಜಿ ಅತ್ತುಬಿಟ್ಟಿದ್ದರು. ಆ ಗೆರೆ ಪೂರ್ತಿ ಮಾಸುವಷ್ಟರಲ್ಲಿ ದಸರಾ ಬಂದಿತ್ತು. ಎರಡು ದಿನ ತಡವಾಗಿ ಕಾಣಿಸಿಕೊಳ್ಳುವುದರಿಂದ ಯಾರೂ ನಿಂಬೆಯನ್ನು ದೂರುವುದಿಲ್ಲ. ಮುಖಕ್ಕೆ ಹಚ್ಚಿ, ಸರಿಯಾಗಿ ತೊಳೆಯದೆ ಹತ್ತೂವರೆಯ ಬಿಸಿಲಲ್ಲಿ ಸ್ಟೇಷನ್‌ಗೆ ನಡೆದರೂ ಇದೇ ಆಗಬಹುದು.

ಕಲೆಗೆ ದಿನಾ ಬೇಕಾದದ್ದು ಸನ್‌ಸ್ಕ್ರೀನ್. ಮಳೆಗಾಲದ ಮೋಡದಲ್ಲೂ ಹಚ್ಚಿ, ಯುವಿ-ಎ ಮೋಡವನ್ನೂ ದಾಟಿ ಬರುತ್ತದೆ.

ನಿಂಬೆ ಕಪ್ಪು ಕಲೆ ಮಾಡಿದರೆ, ಬಿಳಿ ಕಲೆ ಮಾಡುವ ಇನ್ನೊಂದು ವಸ್ತು ನಮ್ಮ ಹಣೆಯ ಮೇಲೇ ಇರುತ್ತದೆ. ಇದನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಸ್ಟಿಕ್ಕರ್ ಬಿಂದಿ, ಇಲ್ಲಿ ನಾವು ಟಿಕಲಿ ಅನ್ನುವುದು. ಕೆಲವು ಟಿಕಲಿಗಳ ಅಂಟಿನಲ್ಲಿ ಪಿಟಿಬಿಪಿ ಅನ್ನುವ ರಾಸಾಯನಿಕ ಇರುತ್ತದೆ. ಬಣ್ಣ ತಯಾರಿಸುವ ಜೀವಕೋಶಗಳನ್ನೇ ಅದು ಕೊಲ್ಲುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ರಾತ್ರಿ ಟಿಕಲಿ ತೆಗೆದು ಸ್ನಾನದ ಮನೆಯ ಕನ್ನಡಿಗೆ ಅಂಟಿಸುತ್ತೀರಲ್ಲ, ಆಗ ಒಂದು ಕ್ಷಣ ಹಣೆ ನೋಡಿಕೊಳ್ಳಿ. ಆ ಜಾಗ ಸುತ್ತಲಿಗಿಂತ ತಿಳಿಯಾಗಿ ಕಂಡರೆ, ತುರಿಸಿದರೆ, ಅಂದಿನಿಂದಲೇ ಟಿಕಲಿ ಬಿಟ್ಟು ಚರ್ಮದ ಡಾಕ್ಟರಿಗೆ ತೋರಿಸಿ. ಬೇಗ ಹೋದರೆ ಎಷ್ಟೋ ಜನರಿಗೆ ಬಣ್ಣ ವಾಪಸ್ ಬರುತ್ತದೆ.