ಬುರುಡೆಗೆ ಒಪ್ಪಿದ್ದು ಕುತ್ತಿಗೆಗೆ ಒಗ್ಗದು

ತಲೆಗೆ ಪೆಟ್ಟು ಬಿದ್ದವರನ್ನು ಮೊದಲು ಸಿಟಿ ಸ್ಕ್ಯಾನಿಗೆ ಒಯ್ಯುತ್ತಾರೆ. ‘ಎಂಆರ್‌ಐ ಇನ್ನೂ ಒಳ್ಳೆಯದಲ್ಲವೇ?’ ಎಂದು ಜೊತೆಯಲ್ಲಿ ಬಂದವರು ಕೇಳುವುದುಂಟು. ದುಬಾರಿಯಾದದ್ದೇ ಮೇಲು ಎಂಬ ಲೆಕ್ಕ ಇಲ್ಲಿ ನಡೆಯದು.

ಸಿಟಿ ಎಂದರೆ ಎಕ್ಸ್‌ರೇಯೇ. ಸುತ್ತಲಿಂದ ತೆಗೆದ ನೂರಾರು ನೋಟಗಳನ್ನು ಕಂಪ್ಯೂಟರ್ ಒಂದಾಗಿಸುತ್ತದೆ, ಅಷ್ಟೆ. 1971ರಲ್ಲಿ ಲಂಡನ್ನಿನಲ್ಲಿ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ರೋಗಿಯಲ್ಲಿ ನೋಡಿದ್ದೂ ತಲೆಯನ್ನೇ. ಯಾವುದು ಎಕ್ಸ್‌ರೇಯನ್ನು ಎಷ್ಟು ತಡೆಯುತ್ತದೆಂದು ಅಳೆಯುವ, ಅವರದೇ ಹೆಸರಿನ ಮಾನದಲ್ಲಿ ಗಾಳಿ −1000, ನೀರು 0; ಅಂಕಿ ಏರಿದಷ್ಟೂ ಚಿತ್ರದಲ್ಲಿ ಬಿಳುಪು. ಮಿದುಳು 30–40ರ ಸುಮಾರಿಗಿದ್ದರೆ, ಆಗಷ್ಟೇ ಸೋರಿ ಹೆಪ್ಪುಗಟ್ಟಿದ ರಕ್ತ 60–70ಕ್ಕೆ ಏರುತ್ತದೆ. ಬೂದು ಬಣ್ಣದ ಮಿದುಳಿನ ಅಂಚಿನಲ್ಲಿ ಬಿಳಿಯ ಕುಡುಗೋಲು ಒರಗಿಸಿಟ್ಟಂತೆ ಅದು ಕಾಣುತ್ತದೆ. ಅದೂ ಕೆಲವೇ ಸೆಕೆಂಡುಗಳಲ್ಲಿ.

ಪಾರ್ಶ್ವವಾಯುವಿನ ಕತೆ ಬೇರೆ. ರಕ್ತನಾಳ ಕಟ್ಟಿಕೊಂಡ ಮೊದಲ ತಾಸುಗಳಲ್ಲಿ ಸಿಟಿ ಏನೂ ಆಗಿಲ್ಲವೆಂಬಂತೆ ಕಾಣಬಹುದು. ಎಂಆರ್‌ಐ ಕೆಲಸ ಮಾಡುವುದು ಕಾಂತಕ್ಷೇತ್ರ ಮತ್ತು ರೇಡಿಯೋ ಅಲೆಗಳಿಂದ; ಅದು ಕಿವಿಗೊಡುವುದು ಮುಖ್ಯವಾಗಿ ದೇಹದ ನೀರಿನಲ್ಲಿರುವ ಹೈಡ್ರೋಜನ್‌ಗೆ. ರಕ್ತ ಸಿಗದ ಕೋಶಗಳು ಊದಿಕೊಂಡಾಗ ನೀರಿನ ಅಣುಗಳ ಓಡಾಟ ಕುಗ್ಗುತ್ತದೆ. ಡಿಫ್ಯೂಷನ್ ಎಂಬ ಬಗೆಯ ಎಂಆರ್‌ಐನಲ್ಲಿ ಆ ಜಾಗ ಬೆಳ್ಳಗೆ ಹೊಳೆಯುತ್ತದೆ. ಹಾಗಿದ್ದೂ ಬಹಳ ಕಡೆ ಸಿಟಿಯೇ ಮೊದಲು: ಹೆಪ್ಪು ಕರಗಿಸುವ ಮದ್ದು ಕೊಡುವ ಮುನ್ನ ಒಳಗೆ ರಕ್ತ ಸೋರಿಲ್ಲವೆಂದು ಖಚಿತವಾಗಬೇಕಲ್ಲ!

ಬುರುಡೆಯಿಂದ ಕೆಳಗಿಳಿದರೆ ಈ ಲೆಕ್ಕವೆಲ್ಲ ತಲೆಕೆಳಗು. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿಯ ಗಂಟಿಗೆ ಇವೆರಡಕ್ಕಿಂತ ಮೊದಲು ಬೇಕಾದದ್ದು ಸರಳವಾದ ಅಲ್ಟ್ರಾಸೌಂಡ್. ಗ್ರಂಥಿ ಚರ್ಮದ ಕೆಳಗೇ ಇದೆ, ವಿಕಿರಣದ ಗೊಡವೆಯಿಲ್ಲ. ನೋಡುತ್ತಲೇ ಸೂಜಿ ಹಾಕಿ ಕೋಶಗಳನ್ನು ತೆಗೆಯಲೂಬಹುದು. ದೊಡ್ಡವರ ತಲೆಗೆ ಮಾತ್ರ ಅದು ಅಷ್ಟಾಗಿ ಒದಗದು, ಮೂಳೆ ಶಬ್ದದ ಅಲೆಯನ್ನು ತಡೆಯುತ್ತದೆ. ಕೂಸಿನ ಮೆತ್ತನೆಯ ನೆತ್ತಿಯಾದರೆ ಕಿಟಕಿಯಿದ್ದ ಹಾಗೆ, ಮಿದುಳಿನೊಳಗೆ ಇಣುಕಬಹುದು.

ಬಾಯಿ, ಗಂಟಲು ಇನ್ನೂ ತರಲೆ. ಲೋಹ ತುಂಬಿಸಿದ ಹಲ್ಲಿದ್ದರೆ ಸಿಟಿಯಲ್ಲಿ ಗೆರೆಗಳು ಚೆಲ್ಲಿ ಪಕ್ಕದ ನಾಲಿಗೆಯೇ ಮರೆಯಾಗುತ್ತದೆ. ಎಂಆರ್‌ಐಗೆ ನಿಮಿಷಗಟ್ಟಲೆ ಬೇಕು. ನಡುವೆ ಉಗುಳು ನುಂಗಿದರೂ ಚಿತ್ರ ಮಸುಕು. ಕ್ಯಾನ್ಸರ್ ಹರಡಿದೆಯೇ ಎಂದು ಹುಡುಕುವ ಪೆಟ್ ಸ್ಕ್ಯಾನಿನಲ್ಲಿ ವಿಕಿರಣ ಸೂಸುವ ಸಕ್ಕರೆಯಂಥ ವಸ್ತುವನ್ನು ಚುಚ್ಚುತ್ತಾರೆ. ಮಿದುಳು ಹೇಗೂ ಸಕ್ಕರೆಬಾಕ, ಇಡೀ ಬೆಳಗುತ್ತದೆ. ಅಲ್ಲಿನ ಗೆಡ್ಡೆ ಆ ಬೆಳಕಲ್ಲೇ ಅಡಗಬಹುದು. ಕತ್ತಿನಲ್ಲಿ ಇನ್ನೊಂದು ತಮಾಷೆ: ಚುಚ್ಚಿದ ಮೇಲೆ ಕಾಯುವ ತಾಸು ಹೊತ್ತು ಹರಟುತ್ತ ಕೂತರೆ ಧ್ವನಿಪೆಟ್ಟಿಗೆಯ ಸ್ನಾಯುಗಳೂ ಸಕ್ಕರೆ ಹೀರಿ ರೋಗದಂತೆ ಹೊಳೆಯುತ್ತವೆ. ಅದಕ್ಕೇ ಸಿಬ್ಬಂದಿ ‘ಮಾತಾಡಬೇಡಿ’ ಎನ್ನುವುದು.